ಹಾದಿ ನೋಡೋದಕ್ಕೆ ಏನಂತಾರೆ?

ಆಗೆಲ್ಲ ಚಿಂತೆ ಮಾಡಲು ದೊಡ್ಡವಳಾಗಬೇಕೆಂದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷಕ್ಕೇ ಶುರು ಮಾಡಿದ್ದೆ. ದಾವಣಗೆರೆಯ ಇಂಗ್ಲಿಷ್ ಶಾಲೆಯ ಪ್ರವೇಶ ಪರೀಕ್ಷೆಯ ದಿನ ಏನೇನು ಕೆಡಬಹುದು? ಕೊಕ್ಕನೂರಿಗೆ ಬಸ್ಸೇ ಬಾರದಿರಬಹುದು. ಬಂದರೂ ಹರಿಹರದಲ್ಲಿ ರೈಲು ಕಣ್ಣೆದುರೇ ಹೊರಟುಬಿಡಬಹುದು. ಪೆನ್ನು ಕಾರಿ ಹೊಸ ಲಂಗ ನೀಲಿಯಾಗಬಹುದು. ಪಿ.ಜೆ. ಬಡಾವಣೆಯಲ್ಲಿ ಅಪ್ಪ ನನ್ನನ್ನು ಬೇರೆ ಯಾವುದೋ ಶಾಲೆಗೆ ಬಿಟ್ಟು ಬರಬಹುದು. ಮಿಸ್ ಎದುರು ವಾಂತಿಯಾಗಬಹುದು. ಎಲ್ಲಕ್ಕಿಂತ ದೊಡ್ಡದು, ಫೇಲಾದರೆ ಐದನೇ ಕ್ಲಾಸಿಲ್ಲ. ಮತ್ತೆ ಊರ ಶಾಲೆಯ ನಾಲ್ಕಕ್ಕೇ, ಅದೂ ತಮ್ಮನ ಜೊತೆ.

"ನಮ್ಮ ಬೆಂಚಲ್ಲಿ ನಿಂಗೊಂದು ಜಾಗ ಹಿಡಿದಿರ್ತೀನಿ ಬಾರಕ್ಕ," ಎಂದು ಅವನು ಮಂಡಕ್ಕಿ ಮುಕ್ಕುತ್ತಲೇ ಅಣಕಿಸುತ್ತಿದ್ದ.

ಚಿಕ್ಕಪ್ಪ ತಂದುಕೊಟ್ಟಿದ್ದ ಗೈಡಿನಲ್ಲಿ ಸೀ, ಲುಕ್, ವಾಚ್ ಮೂರಕ್ಕೂ 'ನೋಡು' ಎಂದೇ ಇತ್ತು. ನಾನು ಅಳುವುದೊಂದು ಬಾಕಿ. ಅಜ್ಜಿ ಅಂಗಳದಲ್ಲಿ ಭತ್ತ ಒಣಹಾಕಿ, ಕೋಲು ಹಿಡಿದು ಕೂತಿದ್ದಳು. ಬಿಸಿಲಿಗೆ ಕಾದ ಭತ್ತದ ಘಮ ಹಟ್ಟಿಯನ್ನೆಲ್ಲ ತುಂಬಿತ್ತು.

"ಎಲ್ಲಾ ಒಂದೇ ಆದ್ರೆ ಮೂರು ಯಾಕ ಇಟ್ಕಂಡಾರೆ? ನಾವು ಮೊರಾನೂ ಇಟ್ಕಂಡೀವಿ, ಜರಡೀನೂ ಇಟ್ಕಂಡೀವಿ. ಒಂದೊಂದಕ್ಕೆ ಒಂದೊಂದು ಕೆಲಸ ಇರ್ತೈತೆ. ಅಲ್ಲಿ ಬರೆದಿರೋ ವಾಕ್ಯ ಓದಿ ಹೇಳು."

ನಾನು ಓದಿ, ತಿಳಿದಷ್ಟು ಕನ್ನಡದಲ್ಲಿ ಹೇಳಿದೆ. ಅಜ್ಜಿ ಮೂರಕ್ಕೂ ಕೆಲಸ ಹಚ್ಚಿದಳು.

"ಪಕ್ಕದ ಮನೆ ಕೋಳಿ ತಾನಾಗೇ ಕಣ್ಣಿಗೆ ಬಿತ್ತು. ಯಾವ್ದು?"

"ಸೀ."

"ಬೇಕಂತಲೇ ತಿರುಗಿ ನೋಡ್ದೆ?"

"ಲುಕ್."

"ಮುಂಜಾನೆಯಿಂದ ಹಿಂಗೇ ಅದರ ಮೇಲೆ ಕಣ್ಣಿಟ್ಟು ಕೂತೀನಲ್ಲ?"

"ವಾಚ್!"

ಪರೀಕ್ಷೆಯ ಹಿಂದಿನ ಸಂಜೆ ಅಜ್ಜಿಗೇ ಒಂದು ಅನುಮಾನ ಹುಟ್ಟಿತು. "ಬರ್ತೀನಿ ಅಂದೋರು ಬರೋ ತನಕ ಕಟ್ಟೆ ಮೇಲೆ ಕೂತು ಹಾದಿ ನೋಡ್ತೀವಲ್ಲ, ಅದಕ್ಕೇನಂತಾರೆ?"

"ವೇಟ್ ಅಂತೈತೆ ಅಜ್ಜಿ. ಬಸ್ಸಿಗೆ ಕಾಯ್ತೀವಲ್ಲ, ಹಂಗೆ."

"ಬಸ್ಸಿನ ಹಾದಿ ಯಾರೇ ನೋಡ್ತಾರೆ! ಅದು ಬ್ಯಾರೆ, ಇದು ಬ್ಯಾರೆ. ನಿಮ್ಮ ಮಿಸ್ಸಮ್ಮನ್ನ ಕೇಳ್ಕಂಡು ಬಾ."

ಮರುದಿನ ಬಸ್ಸು ಬಂತು, ರೈಲೂ ಸಿಕ್ಕಿತು. ಲಂಗ ಬೆಳ್ಳಗೇ ಉಳಿಯಿತು. ಮಿಸ್ ಕೇಳಿದ್ದು ಅದೇ ಮೂರು ಪದ. ಹರುಕುಮುರುಕು ಇಂಗ್ಲಿಷಿನಲ್ಲಿ ಕೋಳಿ ಕಥೆ ಹೇಳಿದೆ. ಅವರು ನಕ್ಕು, ಹಾಳೆಯ ಮೇಲೆ ಐದನೇ ಕ್ಲಾಸು ಎಂದು ಬರೆದರು.

ಮನೆಗೆ ಬಂದಾಗ ಅಜ್ಜಿ ಕಟ್ಟೆ ಮೇಲೇ ಕೂತಿದ್ದಳು. ನೆಟಿಗೆ ಮುರಿದು ದೃಷ್ಟಿ ತೆಗೆದಳು. "ನಂದು ಕೇಳ್ದೇನೇ?"

"ಅಯ್ಯೋ, ಮರ್ತೇಬಿಟ್ಟೆ ಅಜ್ಜಿ."

"ಇರ್ಲಿ ಬಿಡು, ಶಾಲಿ ಶುರುವಾದ ಮ್ಯಾಲೆ ಕೇಳು."

ಆ ಜೂನಿನಿಂದ ದಾವಣಗೆರೆಯ ಚಿಕ್ಕಪ್ಪನ ಮನೆಯಲ್ಲಿದ್ದು ಓದಿದೆ. ಶನಿವಾರ ಊರಿಗೆ ಹೋದಾಗ ಅಜ್ಜಿ ಎರಡು ಮೂರು ಸಲ ಕೇಳಿದಳು, ಆಮೇಲೆ ಬಿಟ್ಟಳು.

ಈಗ ಫೋನಿನಲ್ಲಿ ಹುಡುಕಿದರೆ ಅದಕ್ಕೆ ಆರು ಪದ ಸಿಗುತ್ತವೆ. ಯಾವುದನ್ನು ಅಜ್ಜಿ ಒಪ್ಪುತ್ತಿದ್ದಳೋ ಎಂಬುದು ನನ್ನ ಹೊಸ ಚಿಂತೆ. ಕೇಳೋಣವೆಂದರೆ ಅವಳಿಲ್ಲ. ಭತ್ತ ಗದ್ದೆಯಿಂದಲೇ ಲಾರಿ ಹತ್ತುತ್ತದೆ. ಅಂಗಳದಲ್ಲಿ ಕೋಲು ಹಿಡಿದು ಕೂರುವ ಕೆಲಸವೇ ಇಲ್ಲ.

ಆ ದಿನ ಕೆಡಬಹುದೆಂದು ನಾನು ಎಣಿಸಿಟ್ಟಿದ್ದರಲ್ಲಿ ಒಂದೂ ಕೆಡಲಿಲ್ಲ. ಪರೀಕ್ಷೆ ಮುಗಿದು ನಾನು ಏಳುವ ಮುಂಚೆ ಮಿಸ್, "ಏನಾದರೂ ಕೇಳೋದಿದೆಯಾ?" ಎಂದಿದ್ದರು.

"ನೋ ಮಿಸ್," ಎಂದಿದ್ದೆ.