ದೊಡ್ಡಮ್ಮ ಹಂಚಿದ ನಾಲ್ಕು ಪುಟ

ದೊಡ್ಡಮ್ಮನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿ. ಮುಖ ಹಾಗೆಯೇ ಇರುತ್ತಿತ್ತು, ದನಿ ಏರುತ್ತಿರಲಿಲ್ಲ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ ಕಟ್ಟುತ್ತಿದ್ದುದರಿಂದ ಎರಡೂ ಕಿವಿಗಳು ಎದ್ದು ಕಾಣುತ್ತಿದ್ದವು. ಕಾಪುವಿನ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತ ಮಕ್ಕಳು ಪಾಠಕ್ಕಿಂತ ಮೊದಲು ಆ ಕಿವಿಗಳನ್ನು ಗಮನಿಸಲು ಕಲಿಯುತ್ತಿದ್ದರಂತೆ.

ಅವರು ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದಾಗ ಅವರು ನಿವೃತ್ತಿಯ ಹತ್ತಿರ ಇದ್ದರು. ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋದರೆ ಊಟವಾದ ಮೇಲೆ ನನಗಿದ್ದದ್ದು ಒಂದೇ ಕೆಲಸ, ಅಜ್ಜನ ಡೈರಿಗಳನ್ನು ಗಟ್ಟಿಯಾಗಿ ಓದುವುದು. ಅವರ ಕಣ್ಣಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

ಅಜ್ಜನೂ ಮೇಷ್ಟ್ರು. ಮೂವತ್ತು ವರ್ಷ ಡೈರಿ ಬರೆದವರು. ಒಂದೊಂದು ದಿನಕ್ಕೆ ಎರಡು ಮೂರು ಸಾಲು. "ಮಟ್ಟುವಿನಿಂದ ಗುಳ್ಳ ಬದನೆ ಬಂತು. ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ." ಇಂಥವೇ. ಬೇಸರ ಬಂದು ನಾನು ಎರಡು ದಿನ ಹಾರಿಸಿದರೆ ದೊಡ್ಡಮ್ಮನಿಗೆ ತಕ್ಷಣ ಗೊತ್ತಾಗುತ್ತಿತ್ತು.

"ಓದುವುದಾದರೆ ಪೂರ್ತಿ ಓದು. ಬೇಕಾದ್ದನ್ನು ಮಾತ್ರ ಹೆಕ್ಕಿ ತಿನ್ನಲಿಕ್ಕೆ ಅದೆಂತ ಮಿಕ್ಸ್ಚರಾ?"

ಹೀಗೆ ಓದುತ್ತಾ ಓದುತ್ತಾ ಒಂದು ಭಾನುವಾರ ನಾನು ಅದುವರೆಗೆ ಯಾರ ಬಾಯಲ್ಲೂ ಕೇಳದ ಸಂಗತಿಗೆ ಬಂದು ನಿಂತೆ. ಅಮ್ಮನಿಗೂ ದೊಡ್ಡಮ್ಮನಿಗೂ ಒಬ್ಬಳು ಹಿರಿಯಕ್ಕ ಇದ್ದಳು. ಚೊಚ್ಚಲ ಹೆರಿಗೆಗೆ ಎಲ್ಲೂರಿನ ತರವಾಡು ಮನೆಗೆ, ಅಂದರೆ ಅಜ್ಜಿಯ ಕುಟುಂಬದ ಮನೆಗೆ, ಬಂದವಳು ಮೂರು ದಿನ ನೋವು ತಿಂದು, ಮಗುವಿನ ಜೊತೆಗೇ ಸತ್ತಳು. ಉಡುಪಿಯ ಆಸ್ಪತ್ರೆಗೆ ಕರೆದೊಯ್ಯಲು ಕಾರು ಅಂಗಳಕ್ಕೆ ಬಂದಿತ್ತು. ನಮ್ಮಲ್ಲಿ ಕುಟುಂಬ ಹೆಣ್ಣಿನ ಕಡೆಯದು; ಯಜಮಾನಿಕೆ ಅಜ್ಜಿಯ ಅಣ್ಣನದು. ಅವರು ಕಾರನ್ನು ಹಿಂದೆ ಕಳಿಸಿದರು. ಈ ಮನೆಯ ಹೆಣ್ಣು ಪರಗಂಡಸರ ಕೈಯಲ್ಲಿ ಹೆರುವುದು ಬೇಡ ಎಂದರಂತೆ. ಅಜ್ಜ ಬರೆದಿದ್ದರು: "ಭಾವ ಬೇಡ ಎಂದರು. ನಾನು ಸುಮ್ಮನಿದ್ದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ತಪ್ಪು ನನ್ನದು."

ನಾನು ನಿಲ್ಲಿಸಿದೆ. "ಮುಂದೆ ಓದು," ಎಂದರು ದೊಡ್ಡಮ್ಮ. ಅವರಿಗೆ ಆಗ ಹನ್ನೊಂದು ವರ್ಷವಂತೆ. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕಂಡವರು. ಕೇಳಿದವರಿಗೆ ಜ್ವರದಲ್ಲಿ ಹೋದಳು ಎಂದು ಹೇಳಬೇಕೆಂದು ಮನೆಯಲ್ಲಿ ಅವರಿಗೆ ಕಲಿಸಿದ್ದರು.

ಆ ಭಾನುವಾರದಿಂದ ಎರಡು ಮೂರು ವರ್ಷಗಳ ನಂತರ ತರವಾಡು ಮನೆಯ ಜೀರ್ಣೋದ್ಧಾರವಾಯಿತು. ಮುಂದೆ ನಿಂತು ಮಾಡಿಸಿದ್ದು ಮಾವ, ದೊಡ್ಡಮ್ಮನ ತಮ್ಮ. ಗೃಹಪ್ರವೇಶಕ್ಕೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ಅವರ ಆಸೆ. "ಅಪ್ಪನ ಡೈರಿ ಕೊಡಿ ಅಕ್ಕ, ಕುಟುಂಬದ ಚರಿತ್ರೆ ಮಕ್ಕಳಿಗೆಲ್ಲ ಗೊತ್ತಾಗಲಿ," ಎಂದು ಕೇಳಿದರು. ದೊಡ್ಡಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಡೈರಿಗಳ ಬೆನ್ನಿಗೆಲ್ಲ ಹೊಸ ಬಟ್ಟೆ ಅಂಟಿಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಗೃಹಪ್ರವೇಶದ ದಿನ ಸಂಚಿಕೆ ಹಂಚಿದರು. ಮೊದಲ ಪುಟದಲ್ಲಿ ಪೇಟ ಕಟ್ಟಿದ ಯಜಮಾನರ, ಅದೇ ಅಜ್ಜಿಯ ಅಣ್ಣನ, ದೊಡ್ಡ ಫೋಟೋ. ಕೆಳಗೆ "ಕರುಣಾಮಯಿ" ಎಂದು ಅಚ್ಚಾಗಿತ್ತು. ವಂಶವೃಕ್ಷದಲ್ಲಿ ಅಜ್ಜ ಅಜ್ಜಿಗೆ ಮೂರೇ ಮಕ್ಕಳು. ಸತ್ತವಳು ಹುಟ್ಟಿಯೇ ಇರಲಿಲ್ಲ.

ದೊಡ್ಡಮ್ಮ ಪುಸ್ತಕ ಹಿಡಿದು ಚಪ್ಪರದ ಕೆಳಗೆ ಮಾವನಿದ್ದಲ್ಲಿಗೆ ನಡೆದರು. ನಾನು ಅವರ ಹಿಂದೆಯೇ ಇದ್ದೆ.

"ದೊಡ್ಡಕ್ಕ ಎಲ್ಲಿ?"

"ಶುಭ ಕಾರ್ಯದಲ್ಲಿ ಅದೆಲ್ಲ ಯಾಕೆ ಅಕ್ಕ? ಜನ ನೋಡ್ತಾ ಇದ್ದಾರೆ."

"ಅವಳು ಅಶುಭವಾ ನಿನಗೆ? ಅಪ್ಪ ಬರೆದದ್ದು ಓದಿದ್ದೀ ಅಲ್ವಾ?"

"ಅಂಥದ್ದು ಎಂತದೂ ಅದರಲ್ಲಿ ಇರಲಿಲ್ಲ. ನಿಮಗೆ ವಯಸ್ಸಾಯಿತು, ಏನೇನೋ ನೆನಪಾಗ್ತದೆ."

ದೊಡ್ಡಮ್ಮ ತಿರುಗಿ ನನ್ನನ್ನು ನೋಡಿದರು. ಅವರ ಕಿವಿ ಕೆಂಡದಂತಾಗಿತ್ತು. ನಾನು ಹೇಳಬೇಕಿದ್ದದ್ದು ಮೂರೇ ಶಬ್ದ: "ನಾನು ಓದಿದ್ದೇನೆ, ಮಾವ." ಸುತ್ತ ನೆಂಟರಿದ್ದರು, ಅಮ್ಮ ದೂರದಿಂದಲೇ ಬೇಡ ಎಂದು ಕಣ್ಣು ಮಾಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಊಟ ಮಾಡದೆ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದರು. "ನೀನು ನಿನ್ನ ಅಜ್ಜನ ಮೊಮ್ಮಗಳೇ."

ನನಗೆ ಮಾವನ ಮೇಲಿದ್ದಷ್ಟೇ ಸಿಟ್ಟು ನನ್ನ ಮೇಲೂ ಇದೆ. ಇವತ್ತಿಗೂ.

ಡೈರಿಗಳು ವಾರದ ನಂತರ ವಾಪಸ್ಸು ಬಂದವು. ಆ ವರ್ಷದ ಡೈರಿಯಲ್ಲಿ ನಾಲ್ಕು ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಎಷ್ಟು ನೀಟಾಗಿ ತೆಗೆದಿದ್ದರೆಂದರೆ, ಎಣಿಸದಿದ್ದರೆ ಗೊತ್ತಾಗುವಂತಿರಲಿಲ್ಲ. ಹರಿದಿದ್ದರೆ ದುಡುಕಿ ಹರಿದರು ಎನ್ನಬಹುದಿತ್ತು. ಇದು ಕುಳಿತು, ಗೆರೆ ಹಿಡಿದು, ನಿಧಾನವಾಗಿ ಮಾಡಿದ ಕೆಲಸ. ಒಡಹುಟ್ಟಿದವಳನ್ನು ಎರಡನೆಯ ಸಲ ಕೊಂದದ್ದು ಹೀಗೆ.

ಮುಂದಿನ ಭಾನುವಾರ ನಾನು ಹೆದರಿಕೊಂಡೇ ಹೋದೆ. ದೊಡ್ಡಮ್ಮ ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟಿದ್ದರು. ಅಜ್ಜ ಬರೆದದ್ದರಲ್ಲಿ ನೆನಪಿದ್ದ ಮಾತು, ತಾವು ಬಾಗಿಲ ಸಂದಿಯಿಂದ ಕಂಡದ್ದು, ಅಕ್ಕನ ಹೆಸರು, ಮೂಲ ಪುಟಗಳನ್ನು ಕತ್ತರಿಸಿದವರು ಯಾರು ಎಂಬುದು, ಎಲ್ಲವನ್ನೂ ಕಾಪಿ ಬರೆಸುವ ಅಕ್ಷರದಲ್ಲಿ ಬರೆದಿದ್ದರು.

"ಓದಿದ್ದು ಹೌದಾದರೆ ಕೆಳಗೆ ಬರೆ," ಎಂದರು.

ಮೂಲ ಡೈರಿಯನ್ನು ನಾನು ಕಣ್ಣಾರೆ ಓದಿದ್ದೇನೆ ಎಂದು ಬರೆದು ಸಹಿ ಮಾಡಿದೆ. ಅವರು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. "ಅಕ್ಷರ ಸ್ವಲ್ಪ ನೆಟ್ಟಗೆ ಬರೀಬಾರದಾ?" ಎಂದರು.

ಉಡುಪಿಯಲ್ಲಿ ಜೆರಾಕ್ಸ್ ಮಾಡಿಸಿ, ಸಂಚಿಕೆ ಹೋದ ಮನೆಗಳಿಗೆಲ್ಲ ಕೈಯಾರೆ ಕೊಡಲು ಹೊರಟರು. ಅಂಚೆಯಲ್ಲಿ ಕಳಿಸೋಣ ಎಂದರೆ ಒಪ್ಪಲಿಲ್ಲ. "ಅಂಚೆಯವ ಹಾಕಿ ಹೋಗ್ತಾನೆ. ಅವರು ನನ್ನ ಮುಖ ನೋಡಿ ತಗೊಳ್ಳಬೇಕು." ಎಷ್ಟೋ ಭಾನುವಾರ ನಾನೂ ಜೊತೆಗೆ ಹೋದೆ. ಆದಿ ಉಡುಪಿಯ ಒಂದು ಮನೆಯಲ್ಲಿ ಚಾವಡಿಯಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಇನ್ನೊಂದು ಮನೆಯಲ್ಲಿ ನಮ್ಮೆದುರೇ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದರು. ದೊಡ್ಡಮ್ಮ ಚೀಲದಿಂದ ಇನ್ನೊಂದು ಪ್ರತಿ ತೆಗೆದು ಮೇಜಿನ ಮೇಲಿಟ್ಟರು. "ಇದೂ ಉಂಟು," ಎಂದರು.

ಕಾರ್ಕಳದಲ್ಲಿ ಅಜ್ಜಿಯ ದೂರದ ತಂಗಿಯೊಬ್ಬರು, ತೊಂಬತ್ತರ ಹತ್ತಿರದವರು, ಮಂಚದ ಮೇಲೆ ಕುಳಿತು ಪೂರ್ತಿ ಓದಿಸಿಕೊಂಡರು.

"ಬಿಸಿನೀರು ಕಾಯಿಸಿದ್ದು ನಾನೇ ಮಗಾ," ಎಂದರು ದೊಡ್ಡಮ್ಮನಿಗೆ. "ಕಾರು ತಿರುಗಿ ಹೋದ ಶಬ್ದ ಅವಳಿಗೂ ಕೇಳಿಸಿತು. ಹೋಯಿತಾ ಅಂತ ಕೇಳಿದಳು. ನಾನು ಇಲ್ಲ ಎಂದೆ."

ಆ ಮಾತು ಯಾವ ಡೈರಿಯಲ್ಲೂ ಇರಲಿಲ್ಲ. ದೊಡ್ಡಮ್ಮ ಚೀಲದಿಂದ ಪೆನ್ನು ತೆಗೆದು ಅಲ್ಲೇ ಹಾಳೆಯ ಅಂಚಿಗೆ ಬರೆದುಕೊಂಡರು. ಬರೆಯುತ್ತ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾವ ಮಾತು ಬಿಟ್ಟರು. ಅಮ್ಮನೂ ಒಂದು ವರ್ಷ ಕಾಪುವಿನ ಕಡೆ ಹೋಗಲಿಲ್ಲ. ದೊಡ್ಡಮ್ಮ ರಾಜಿಗೆ ಹೋಗಲಿಲ್ಲ, ಬರುವವರನ್ನು ತಡೆಯಲೂ ಇಲ್ಲ. ಐದಾರು ವರ್ಷಗಳ ನಂತರ ಹೃದಯದ ಕಾಯಿಲೆಯಿಂದ ಹೋದರು. ಸಾವಿಗೆ ಬಂದ ಮಾವ ನೆಂಟರ ನಡುವೆ ನಿಂತು, ಅಕ್ಕನಿಗೆ ಸಿಟ್ಟು ಸ್ವಲ್ಪ ಹೆಚ್ಚು, ಮನಸ್ಸು ಮಾತ್ರ ಬಂಗಾರ ಎಂದರು. ಈ ಸಲ ನಾನು ತಲೆ ತಗ್ಗಿಸಲಿಲ್ಲ. "ಸಿಟ್ಟು ಎಂತಕ್ಕೆ ಅಂತ ಹೇಳಿ ಮಾವ," ಎಂದೆ. ಅವರು ಹೇಳಲಿಲ್ಲ. ನಾನು ಹೇಳಿದೆ.

ಡೈರಿಗಳು ಈಗ ನನ್ನ ಬಳಿ ಇವೆ. ತರವಾಡು ಮನೆಯಲ್ಲಿ ಯಜಮಾನರ ಫೋಟೋ ಹಾಗೆಯೇ ಇದೆ, ಹಾರವೂ ಇದೆ. ವರ್ಷಕ್ಕೊಮ್ಮೆ ಅಲ್ಲಿ ಕುಟುಂಬ ಸೇರುವಾಗ ನಾನು ಒಂದಷ್ಟು ಪ್ರತಿ ಒಯ್ಯುತ್ತೇನೆ. ಇವಳದ್ದು ಪುನಃ ಶುರುವಾಯಿತು ಎಂದು ಹಿರಿಯರು ಮುಖ ತಿರುಗಿಸುತ್ತಾರೆ. ಕಳೆದ ಸಲ ಮಾವನ ಸೊಸೆ, ಏಳು ತಿಂಗಳ ಬಸುರಿ, ಅಂಗಳದ ಬದಿಯಲ್ಲಿ ಕುಳಿತು ನಾಲ್ಕೂ ಪುಟ ಓದಿದಳು. ಜೆರಾಕ್ಸ್ ಮಾಡಿ ಮಾಡಿ ಅಕ್ಷರ ಮಾಸಿತ್ತು. ಒಂದು ಕಡೆ ಬೆರಳಿಟ್ಟು ಕೇಳಿದಳು.

"ಇವರ ಹೆಸರು ಸರಿ ಕಾಣುವುದಿಲ್ಲ. ಎಂತ ಹೆಸರು?"

ಮಾವ ಅಲ್ಲೇ ಕುರ್ಚಿಯಲ್ಲಿದ್ದರು. ಅವರಿಗೂ ಕೇಳಿಸುವ ಹಾಗೆ ನಾನು ಹೆಸರು ಹೇಳಿದೆ.