ಉಸಿರು ತಗೊಳ್ಳುವ ಜಾಗ

ಮನೆಯೊಳಗೆ ಒಬ್ಬರೇ ಕೂತು ಗಿಟಾರ್ ಬಾರಿಸುವುದಕ್ಕೂ ಸೂಟು ಹಾಕಿಕೊಳ್ಳುತ್ತಿದ್ದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಮಧ್ಯಾಹ್ನ ಎರಡಾಯಿತೆಂದರೆ ನಮ್ಮ ಮೇಲಿನ ಮನೆಯ ಮಿಸ್ಟರ್ ಹೊರೇಸ್ ತಯಾರು. ಮೊಣಕೈ ಹತ್ತಿರ ನವೆದಿದ್ದ ಕಂದು ಸೂಟು, ಗೆರೆ ಮುರಿಯದ ಬಿಳಿ ಶರ್ಟು, ಹ್ಯಾಟು, ಕಾಲಲ್ಲಿ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಕಪ್ಪು ಶೂ. ಬಾಗಿಲು ಅರ್ಧ ತೆರೆದಿರುತ್ತಿತ್ತು. ಮೆಟ್ಟಿಲು ಹತ್ತಿ ಹೋಗುವವರಿಗೆ ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತ ಎಪ್ಪತ್ತು ದಾಟಿದ ಕಪ್ಪು ಮನುಷ್ಯರೊಬ್ಬರು ಗೋಡೆಗೆ ಹಾಡು ಹೇಳುತ್ತಿರುವುದು ಕಾಣುತ್ತಿತ್ತು. ಸೂಟು ಯಾಕೆ ಅಂತ ಒಮ್ಮೆ ಕೇಳಿದ್ದೆ. "ಹಾಡು ಯಾವಾಗ ಬರುತ್ತೋ ಯಾರಿಗೆ ಗೊತ್ತು, ಮಿಸ್ ಶೀಲಾ. ಬಂದಾಗ ನಾನು ಪೈಜಾಮದಲ್ಲಿ ಇರಬಾರದು" ಅಂದಿದ್ದರು. ಅವರ ಇಂಗ್ಲಿಷು ದಕ್ಷಿಣದ ಲೂಯಿಸಿಯಾನಾದ ಹತ್ತಿ ಹೊಲಗಳಿಂದ ಬಂದದ್ದು, ಎಳೆದೆಳೆದು ಆಡುವಂಥದ್ದು. ನಾನಿಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಡಾಟ್-ಕಾಂ ಕಂಪನಿಗಳು ವಾರಕ್ಕೊಂದರಂತೆ ಹುಟ್ಟುತ್ತಿದ್ದ ಕಾಲ ಅದು. ಸ್ಯಾನ್ ಮಟಿಯೋದ ಆ ಹಳೆಯ ಅಪಾರ್ಟ್‌ಮೆಂಟಿಗೆ ನಾವು ಬಂದಾಗ ಮಗಳು ಮೇಘಳಿಗೆ ಐದು ತಿಂಗಳು. ನಮ್ಮವರು ಬೆಳಗ್ಗೆ ಹೋದರೆ ಮರಳುವ ಹೊತ್ತಿಗೆ ಮಗು ಮಲಗಿರುತ್ತಿತ್ತು. ನನಗೆ ಇಡೀ ದಿನದಲ್ಲಿ ಕಣ್ಣು ಮುಚ್ಚಲು ಸಿಗುತ್ತಿದ್ದದ್ದು ಮಗುವಿನ ಮಧ್ಯಾಹ್ನದ ನಿದ್ದೆಯ ಹೊತ್ತು. ಸರಿಯಾಗಿ ಆಗಲೇ ತಲೆಯ ಮೇಲೆ ಶುರುವಾಗುತ್ತಿತ್ತು. ಗಿಟಾರಿನ ಸದ್ದು ತೊಂದರೆಯಲ್ಲ, ಅದು ಮರದ ನೆಲ ದಾಟಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ತಾಳ ಹಾಕುವ ಶೂ ಹಿಮ್ಮಡಿಯ ಸದ್ದೇ ತೊಂದರೆ. ಠಕ್, ಠಕ್, ಠಕ್, ಗಡಿಯಾರಕ್ಕಿಂತ ಕರಾರುವಾಕ್ಕು. ಮಗು ಬೆಚ್ಚಿ ಎದ್ದರೆ ಮತ್ತೆ ಮಲಗುತ್ತಿರಲಿಲ್ಲ.

"ಮೇಲೆ ಹೋಗಿ ಒಂದು ಮಾತು ಹೇಳಬಾರದೇನೇ?" ಅಂದರು ನಮ್ಮವರು. ನನ್ನಿಂದ ಆಗಲಿಲ್ಲ. ಗುರುತಿಲ್ಲದವರ ಬಾಗಿಲು ತಟ್ಟಿ ಎದುರಿಗೆ ದೂರು ಹೇಳುವುದು ನನ್ನ ಪಾಲಿಗೆ ಜಗಳಕ್ಕೆ ನಿಂತಂತೆ. ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟದ್ದು ಬೇರೆ ದಾರಿ: ದೂರಿದ್ದರೆ ಕಾಗದದಲ್ಲಿ ಬರೆಯಬೇಕು, ಮೂರು ಪ್ಯಾರಾ ಮೀರಬಾರದು, ಒಂದೂ ಒರಟು ಪದ ಇರಬಾರದು. ಕಾಗದ ಬರೆಯುವುದರಲ್ಲಿ ನನಗೆ ಎರಡು ವರ್ಷ ಬಹುಮಾನ ಬಂದಿತ್ತು. ಒಂದು ಸಂಜೆ ಕೂತು ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ, ಗೆರೆಯಿದೆಯೇನೋ ಎಂಬಷ್ಟು ನೇರವಾಗಿ, ಅಪಾರ್ಟ್‌ಮೆಂಟಿನ ಆಫೀಸಿಗೆ ಬರೆದೆ. ಮ್ಯಾನೇಜರ್ ಹುಡುಗ ಓದಿ, ಇಷ್ಟು ಚೆಂದದ ಕಂಪ್ಲೇಂಟು ಈ ಆಫೀಸಿಗೆ ಇದುವರೆಗೆ ಬಂದಿಲ್ಲ ಅಂದ. ನನಗೆ ಖುಷಿಯೇ ಆಯಿತು. ಅದನ್ನು ಈಗ ಹೇಳಲು ನಾಚಿಕೆ.

ಎರಡೇ ದಿನಕ್ಕೆ ಸದ್ದು ನಿಂತಿತು. ನಾನು ಕಾಗದವನ್ನು ಮರೆತೆ.

ಹೊರೇಸರ ಪರಿಚಯವಾದದ್ದು ಆಮೇಲೆ, ಕೆಳಗಿನ ಲಾಂಡ್ರಿ ರೂಮಿನಲ್ಲಿ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಜೋಗುಳ ಗುನುಗುತ್ತಾ ಬಟ್ಟೆ ಮಡಿಸುತ್ತಿದ್ದೆ. ಡ್ರೈಯರ್ ಪಕ್ಕ ಶರ್ಟು ಕೊಡವುತ್ತಿದ್ದವರು ನಿಲ್ಲಿಸಿ ಪೂರ್ತಿ ಕೇಳಿದರು. "ಅಮ್ಮನಿಂದ ಕಲಿತದ್ದಾ?" ಅಂದರು. ಹೌದೆಂದೆ. "ಗೊತ್ತಾಯಿತು. ಉಸಿರನ್ನು ಬೇರೆ ಯಾರದೋ ಜಾಗದಲ್ಲಿ ತಗೊಳ್ಳುತ್ತೀರಿ."

ಅಲ್ಲಿಂದ ವಾರಕ್ಕೆರಡು ದಿನ ನಮ್ಮ ಮಾತು. ಅವರ ಬದುಕೆಲ್ಲ ನನಗೆ ತಿಳಿದದ್ದು ಆ ಮೆಷಿನುಗಳ ಗುಂಯ್‌ಗುಡುವಿಕೆಯ ನಡುವೆ. ಯುದ್ಧದ ಕಾಲದಲ್ಲಿ ಅಪ್ಪನಿಗೆ ಹಡಗು ಕಟ್ಟುವ ಕೆಲಸ ಸಿಕ್ಕಿ ಲೂಯಿಸಿಯಾನಾದಿಂದ ಇಲ್ಲಿನ ಕೊಲ್ಲಿಯ ಆಚೆ ದಡಕ್ಕೆ ಬಂದ ಸಂಸಾರ. ಹತ್ತೊಂಬತ್ತಕ್ಕೇ ಓಕ್‌ಲ್ಯಾಂಡಿನ ಕ್ಲಬ್ಬುಗಳಲ್ಲಿ ಗಿಟಾರು, ಹಾಡು. ಆಮೇಲೆ ಆ ಕ್ಲಬ್ಬುಗಳಿದ್ದ ಬೀದಿಯನ್ನೇ ರೈಲಿಗೂ ಫ್ರೀವೇ ಹೆದ್ದಾರಿಗೂ ಒಡೆದರು. ಹೊರೇಸ್ ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ಸು ಓಡಿಸಿದರು, ಭಾನುವಾರ ಮಾತ್ರ ಯಾವುದಾದರೂ ಬಾರಿನ ಮೂಲೆಯಲ್ಲಿ ಹಾಡಿದರು. ಒಮ್ಮೆ ಜರ್ಮನಿಯವರು ಹಾಡಲು ಕರೆಸಿಕೊಂಡಿದ್ದರಂತೆ. "ಅಲ್ಲಿ ಚಪ್ಪಾಳೆ ಬಹಳ ಜೋರು. ಊಟದಲ್ಲಿ ಮಾತ್ರ ಖಾರ ಇಲ್ಲ" ಅಂದು, ನನ್ನ ಚಿತ್ರಾನ್ನದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವರು ಹಾಡುತ್ತಿದ್ದ ಬ್ಲೂಸ್ ಅಂದರೇನು ಅಂತ ಕೇಳಿದ್ದಕ್ಕೆ ಬೆರಳು ಮಡಚಿ ಹೇಳಿದರು: ಮೊದಲ ಸಾಲಲ್ಲಿ ನೋವು ಹೇಳಬೇಕು. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದಕ್ಕೆ ಎರಡನೆಯ ಸಾಲಲ್ಲಿ ಅದನ್ನೇ ಹೇಳಬೇಕು. ಮೂರನೆಯ ಸಾಲಲ್ಲಿ ನಿಜ ಒಪ್ಪಿಕೊಳ್ಳಬೇಕು. ಅಷ್ಟೇ.

ಅವರದೊಂದು ಹಾಡು ಒಂದು ಬೇಸಿಗೆಯಿಡೀ ರೇಡಿಯೋದಲ್ಲಿ ಬಂದಿತ್ತಂತೆ, ಇನ್ನೊಬ್ಬನ ದನಿಯಲ್ಲಿ, ಇನ್ನೊಬ್ಬನ ಹೆಸರಲ್ಲಿ. ಕೋರ್ಟಿಗೆ ಹೋಗಲಿಲ್ಲವಾ ಅಂದೆ. ನಕ್ಕರು. "ಚೆನ್ನಾಗಿಯೇ ಹಾಡಿದ್ದ. ಆದರೆ ಸಾಲು ಮುಗಿದಲ್ಲೆಲ್ಲ ಉಸಿರು ತಗೊಳ್ಳುತ್ತಿದ್ದ. ಹಾಡು ಕಟ್ಟಿದವನು ಸಾಲು ನೋಡಲ್ಲ ಮಿಸ್ ಶೀಲಾ, ಮಾತು ಎಲ್ಲಿ ಮುಗಿಯುತ್ತೋ ಅಲ್ಲಿ ತಗೊಳ್ಳುತ್ತಾನೆ. ಕಿವಿ ಇರೋರಿಗೆ ಗೊತ್ತಾಗುತ್ತೆ ಅದು ಯಾರದು ಅಂತ."

ಒಂದು ದಿನ ಅವರ ಕೈಯಲ್ಲಿ ತೊಳೆದ ದಪ್ಪ ಕಾಲುಚೀಲಗಳ ರಾಶಿ. ಇಷ್ಟೊಂದಾ ಅಂದೆ. ಯಾರೋ ಆಫೀಸಿಗೆ ದೂರು ಬರೆದಿದ್ದಾರೆ, ಆವತ್ತಿನಿಂದ ಶೂ ಬಿಚ್ಚಿ ಕಾಲುಚೀಲದಲ್ಲೇ ಬಾರಿಸುತ್ತಿದ್ದೇನೆ ಅಂದರು. "ಸೂಟಿಗೆ ಕಾಲುಚೀಲ. ಅರ್ಧ ಮದುವೆಯಾದವನ ಹಾಗೆ." ನಗುತ್ತಲೇ ನನ್ನ ಮುಖ ನೋಡಿ ಕೇಳಿದರು: "ಕೆಳಗಿರೋರು ನೀವು. ನಿಜ ಹೇಳಿ, ನಿಮಗೆ ತೊಂದರೆಯಾಗುತ್ತಿತ್ತಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬರಲು ಸಾಧ್ಯವಿರಲಿಲ್ಲ. ನಾನು ಕಾನ್ವೆಂಟಿನ ನಗು ನಕ್ಕೆ. "ಅಯ್ಯೋ, ಏನೂ ಇಲ್ಲ. ಮಗುವಿಗೆ ಇಷ್ಟ ಅದು" ಅಂದೆ. ಮನೆಗೆ ಬಂದ ಅತಿಥಿ ಕಾಫಿ ಕಪ್ಪು ಒಡೆದಾಗ ಹೇಳುತ್ತೇವಲ್ಲ, ಹಾಗೆ.

ಅವರು ನನ್ನನ್ನು ನಂಬಿದರು. ಮರುದಿನದಿಂದಲೇ ಮತ್ತೆ ಶೂ. ಆ ಹೊತ್ತಿಗೆ ಮಗು ದೊಡ್ಡದಾಗಿತ್ತು, ಆ ಠಕ್ ಠಕ್‌ಗೇ ಮಲಗಲು ಕಲಿಯಿತು. ನಾನೂ ಕುರ್ಚಿ ಎಳೆದುಕೊಂಡು ಸೂರಿನ ಕೆಳಗೆ ಕೂತು ಕೇಳುವುದನ್ನು ಕಲಿತೆ. ಆದರೆ ಆಫೀಸಿನ ಫೈಲಿನಲ್ಲಿ ನನ್ನ ಕಾಗದ ಹಾಗೇ ಇತ್ತು. ಹಳೆಯ ಬಾಡಿಗೆಯವರನ್ನು ಎಬ್ಬಿಸಿ ಕಂಪ್ಯೂಟರಿನ ಹುಡುಗರಿಗೆ ಮನೆ ಕೊಡುವ ಆತುರ ಆಗ ಎಲ್ಲ ಕಡೆ. ಆಫೀಸಿನವರಿಗೆ ಒಂದು ಕಾರಣ ಬೇಕಿತ್ತು. ಎಚ್ಚರಿಕೆ ಕೊಟ್ಟರೂ ಕೇಳದ ಬಾಡಿಗೆದಾರ ಎಂಬ ಕಾರಣ ಸಿಕ್ಕಿತು.

ಆ ಮಧ್ಯಾಹ್ನ ಹೊರೇಸ್ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಲಕೋಟೆ. "ಕನ್ನಡಕ ಎಲ್ಲೋ ಇಟ್ಟಿದ್ದೇನೆ, ಸ್ವಲ್ಪ ಓದುತ್ತೀರಾ?" ಅವರು ಕನ್ನಡಕ ಹಾಕಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಸೋಪಿನ ಡಬ್ಬದ ಮೇಲಿನದನ್ನೂ ನನ್ನ ಕೈಲೇ ಓದಿಸುತ್ತಿದ್ದುದರ ಅರ್ಥ ಆಗಲೇ ಹೊಳೆದದ್ದು. ಮೇಲಿನ ಹಾಳೆ ಮನೆ ಖಾಲಿ ಮಾಡಬೇಕೆಂಬ ನೋಟಿಸು. ಓದಿದೆ. ಕೆಳಗಿನದು ನನ್ನ ಕಾಗದದ ನಕಲು. ಹೆಸರಿನ ಮೇಲೆ ಕಪ್ಪು ಮಸಿ ಬಳಿದಿದ್ದರು.

ನನ್ನ ಕಾಗದವನ್ನು ನಾನೇ ಅವರಿಗೆ ಓದಿ ಹೇಳಿದೆ. ಮೂರು ಪ್ಯಾರಾ. ಒಂದೂ ಒರಟು ಪದ ಇಲ್ಲ. ಹೊರೇಸ್ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ ಕೇಳಿದರು.

"ಚೆನ್ನಾಗಿ ಬರೆದಿದ್ದಾರೆ" ಅಂದರು. "ಬಂದು ಬಾಗಿಲು ತಟ್ಟಿದ್ದರೆ ಸಾಕಿತ್ತು."

ನಾನು ಲಕೋಟೆ ಮಡಿಸಿ ಕೊಟ್ಟೆ. ಕಾಫಿ ಮಾಡಲಾ ಅಂದೆ. ಬೇಡವೆಂದು ಮೇಘಳ ಕೆನ್ನೆ ಮುಟ್ಟಿ ಹೋದರು. ಆಫೀಸಿಗೆ ಹೋಗಿ ದೂರು ವಾಪಸು ತಗೊಳ್ಳುತ್ತೇನೆ ಅಂತ ನಮ್ಮವರ ಹತ್ತಿರ ಅಂದೆ. "ನಾವು ವೀಸಾದ ಮೇಲೆ ಇರೋರು ಶೀಲಾ, ಇಲ್ಲಿಯವರ ವ್ಯವಹಾರಕ್ಕೆ ಕೈ ಹಾಕೋದು ಬೇಡ" ಅಂದರು. ಆ ಮಾತಿನ ಹಿಂದೆ ಅಡಗಿಕೊಳ್ಳುವುದು ನನಗೂ ಸುಲಭವಾಯಿತು. ತಿಂಗಳೊಳಗೆ ಹೊರೇಸ್ ವಲೇಹೋದಲ್ಲಿದ್ದ ತಂಗಿಯ ಮಗಳ ಮನೆಗೆ ಹೊರಟರು. ಅಡ್ರೆಸ್ಸನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಮಾರನೆಯ ದಿನ ಎರಡು ಗಂಟೆಗೆ ಮೇಘ ಮಲಗದೆ ಸೂರು ನೋಡುತ್ತಾ ಕೂತಿದ್ದಳು.

ಅವರಿಗೆ ನಿಜ ಬರೆದು ತಿಳಿಸಬೇಕೆಂದು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಒಂದೇ ಕಡೆ ಪೆನ್ನು ನಿಲ್ಲುತ್ತಿತ್ತು: ಈ ಕಾಗದವನ್ನೂ ಅವರಿಗೆ ಬೇರೆ ಯಾರೋ ಓದಿ ಹೇಳಬೇಕು. ಬಾಯಲ್ಲಿ ಹೇಳದೆ ದಾರಿಯಿರಲಿಲ್ಲ. ನಾನು ಫ್ರೀವೇಯಲ್ಲಿ ಕಾರು ಓಡಿಸುವ ಧೈರ್ಯ ಕಲಿಯುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಡಾಟ್-ಕಾಂಗಳೂ ಬಿದ್ದವು. ಮೇಲಿನ ಮನೆಗೆ ಬಂದ ಹುಡುಗರು ಒಬ್ಬೊಬ್ಬರಾಗಿ ಊರು ಬಿಟ್ಟು, ಆ ಮನೆ ಖಾಲಿಯಾಗಿಯೇ ಉಳಿಯಿತು.

ವಲೇಹೋದ ಆ ಮನೆಯ ಬಾಗಿಲು ತಟ್ಟಿದೆ. ಅವರ ಬಾಗಿಲನ್ನು ನಾನು ತಟ್ಟಿದ್ದು ಅದೇ ಮೊದಲು. ತೆರೆದದ್ದು ತಂಗಿಯ ಮಗಳು. ಹೆಸರು ಹೇಳಿದೆ. ಅವಳು ನನ್ನನ್ನೂ, ನನ್ನ ಸೆರಗು ಹಿಡಿದು ನಿಂತ ಮೇಘಳನ್ನೂ ನೋಡಿದಳು. ಮಾವ ತೀರಿಹೋಗಿ ನಾಲ್ಕು ತಿಂಗಳಾಯಿತು ಅಂದಳು.

"ನೀವು ಒಂದು ದಿನ ಬರುತ್ತೀರಿ ಅಂತ ಹೇಳುತ್ತಿದ್ದರು. ಆ ಕಾಗದ ನಿಮ್ಮದೇ ಅಂತ ಅವರಿಗೆ ಗೊತ್ತಿತ್ತು."

ಹೇಗೆ ಅಂತಲೂ ಅವಳೇ ಹೇಳಿದಳು. "ಓದುವಾಗ ನೀವು ಸಾಲಿನ ಕೊನೆಯಲ್ಲಿ ಉಸಿರು ತಗೊಳ್ಳಲಿಲ್ಲವಂತೆ."

ಗೊತ್ತಿದ್ದೂ ಅವರು ಮಗುವಿನ ಕೆನ್ನೆ ಮುಟ್ಟಿ ಮೆಟ್ಟಿಲು ಹತ್ತಿ ಹೋಗಿದ್ದರು.

ನಾನು ಬಂದರೆ ಹೊರಗಿನಿಂದಲೇ ಕಳಿಸಬೇಡ ಅಂದಿದ್ದರಂತೆ. ಒಳಗೆ ಬಾಗಿಲ ಪಕ್ಕದಲ್ಲೇ ಆ ಕಪ್ಪು ಶೂ, ಈಗಲೂ ಯಾರೋ ಪಾಲಿಶ್ ಮಾಡಿಟ್ಟಂತೆ. ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ. ಪರವಾಗಿಲ್ಲ, ಹಾಗೇ ಬನ್ನಿ ಅಂದಳು ಅವಳು. ನಾನು ಬಿಚ್ಚಿ, ಶೂ ಪಕ್ಕದಲ್ಲಿ ಜೋಡಿಸಿಟ್ಟು, ಸದ್ದಾಗದ ಹಾಗೆ ಒಳಗೆ ಹೋದೆ.