ಕತಾರಿನ ಶುಕ್ರವಾರಕ್ಕೆ ಅಮೆರಿಕದ ಎರಡು ಪಕ್ಷಗಳು

ವಿಮಾನ ಹತ್ತುವ ಮೊದಲೇ ನಾನು ಎಲ್ಲ ಅನಾಹುತಗಳನ್ನೂ ಮನಸ್ಸಿನಲ್ಲಿ ಅನುಭವಿಸಿ ಮುಗಿಸಿದ್ದೆ. ವೀಸಾದಲ್ಲಿ ಅಪ್ಪನ ಹೆಸರು ತಪ್ಪಾಗಿರಬಹುದು. ಮುಂಬೈಯಲ್ಲಿ ವಿಮಾನ ತಪ್ಪಬಹುದು. ತಂಗಿಗೆಂದು ಒಯ್ಯುತ್ತಿದ್ದ ಮಿಡಿ ಉಪ್ಪಿನಕಾಯಿ ಸೋರಿ ನನ್ನ ಏಕೈಕ ಬಿಳಿ ಅಂಗಿ ಕೆಂಪಾಗಬಹುದು. ರಾಜಕೀಯ ಪಕ್ಷಗಳೇ ಇಲ್ಲದ ದೇಶಕ್ಕೆ ಅಮೆರಿಕದ ಪಕ್ಷಗಳ ಬಗ್ಗೆ ಉಪನ್ಯಾಸ ಕೊಡಲು ಹೊರಟ, ಪುತ್ತೂರಿನ ಮೇಷ್ಟ್ರಾದ ನನ್ನನ್ನು ಯಾರಾದರೂ ಕರೆದು ವಿಚಾರಿಸಬಹುದು. ಯಾರೂ ವಿಚಾರಿಸದಿದ್ದರೆ ಸಭಿಕರೆಲ್ಲ ನಿದ್ದೆ ಹೋಗಬಹುದು.

೨೦೦೮ರ ಫೆಬ್ರವರಿ. ದೋಹಾದಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿ. ಉಪ್ಪಿನಕಾಯಿ ಸುರಕ್ಷಿತವಾಗಿ ಅಲ್ ಸದ್ದ್ ಬಡಾವಣೆಯ ತಂಗಿಯ ಫ್ಲಾಟು ತಲುಪಿತು. ಭಾವ ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟಿನಲ್ಲಿದ್ದರು. ಚಹಾ ಕೊಡುತ್ತಲೇ ತಂಗಿ ವಸಂತಿ ಹೇಳಿದಳು: "ನಮ್ಮ ಕನ್ನಡ ಸಂಘದ್ದು ನಾಳೆ ಎಲೆಕ್ಷನ್ ಉಂಟು ಅಣ್ಣ. ಅದಕ್ಕೆ ಮೊದಲು ನಿನ್ನ ಭಾಷಣ. ನಮಗೆ ತಾಯಂದಿರಿಗೆ ಬೇಕಾದ್ದು ಶುಕ್ರವಾರ ಬೆಳಿಗ್ಗೆ ಸಂಘದ ಹಾಲ್, ಮಕ್ಕಳ ಕನ್ನಡ ಕ್ಲಾಸಿಗೆ. ಇಲ್ಲಿ ರಜೆ ಶುಕ್ರವಾರ ಅಲ್ವಾ. ನನ್ನ ಮಗನಿಗೆ ಅಜ್ಜಿ ಹತ್ರ ಫೋನಲ್ಲಿ 'ಹೌದು', 'ಇಲ್ಲ' ಬಿಟ್ರೆ ಬೇರೆ ಮಾತೇ ಬರುದಿಲ್ಲ."

ಶುಕ್ರವಾರ ಬೆಳಿಗ್ಗೆ ಹಾಲ್ ಚುನಾವಣೆಯ ಇಬ್ಬರು ಅಭ್ಯರ್ಥಿಗಳ ಬಳಗದ ಕೈಯಲ್ಲಿತ್ತು. ಒಂದು ಮೂಲೆಯಲ್ಲಿ ಸುಧಾಕರಣ್ಣನವರ ಚೆಂಡೆ, ಇನ್ನೊಂದರಲ್ಲಿ ಬ್ಯಾರಿ ಮುಸ್ಲಿಮರ ಹಿರಿಯ ಇಸ್ಮಾಯಿಲಾಕನವರ ಕೇರಂ. ತಾಯಂದಿರು ಕೇಳಿದಾಗಲೆಲ್ಲ ಇಬ್ಬರೂ "ನೋಡುವ" ಎನ್ನುತ್ತಿದ್ದರಂತೆ. ನಮ್ಮ ಕಡೆ 'ನೋಡುವ' ಅಂದರೆ ಆಗುವುದಿಲ್ಲವೆಂದೇ ಲೆಕ್ಕ.

ಗುರುವಾರ ಸಂಜೆ ಟ್ಯಾಕ್ಸಿಯಲ್ಲಿ ಅಲ್ ಮುಂತಜಾದ ಸಂಘದ ಹಾಲ್‌ಗೆ ಹೋದೆವು. ಬರೆದು ತಂದ ಉಪನ್ಯಾಸ ಓದತೊಡಗಿದೆ. ಅಮೆರಿಕದಲ್ಲಿ ಆಗ ಎರಡೂ ಪಕ್ಷಗಳು ಅಭ್ಯರ್ಥಿಗಳನ್ನು ಆರಿಸಿಕೊಳ್ಳುತ್ತಿದ್ದ ಸಮಯ. ಪಕ್ಷದ ಟಿಕೆಟ್ ಹೈಕಮಾಂಡಿನಿಂದ ಬೀಳುವುದನ್ನೇ ನೋಡಿ ಬೆಳೆದ ನನಗೆ, ಅಂಗಡಿಯವರು, ದಾದಿಯರು ಶಾಲೆಯ ಜಗಲಿಯಲ್ಲಿ ಸಾಲು ನಿಂತು ತಮ್ಮ ಪಕ್ಷದ ಅಭ್ಯರ್ಥಿಯನ್ನು ತಾವೇ ಆರಿಸುವುದು ಇಂದಿಗೂ ಬೆರಗು. ಒತ್ತಡ ಗುಂಪುಗಳೂ ಹಾಗೆಯೇ. ಅಲ್ಲಿಯೂ ಹಣವಂತರ ದನಿಯೇ ದೊಡ್ಡದು, ನಿಜ. ಆದರೂ ರೈತರು, ಮೇಷ್ಟ್ರುಗಳು, ಪಿಂಚಣಿದಾರರು ತಾವು ಚುನಾವಣೆಗೆ ನಿಲ್ಲದೆಯೇ ಪಕ್ಷಗಳ ಬಾಯಿಂದ ಭರವಸೆ ಹೊರಡಿಸುತ್ತಾರೆ.

"ಹೇಗೆ ಅಣ್ಣ?" ಮೂರನೇ ಸಾಲಿನಿಂದ ವಸಂತಿ ಎದ್ದಳು.

"ಎರಡೂ ಪಕ್ಷದವರನ್ನು ಕೇಳುತ್ತಾರೆ. ಎಲ್ಲರ ಎದುರಿಗೆ, ಮತದಾನಕ್ಕೆ ಮೊದಲು."

ಅವಳು ಕೂರಲಿಲ್ಲ. ಮುಂದಿನ ಸಾಲಿನತ್ತ ತಿರುಗಿದಳು. "ಸುಧಾಕರಣ್ಣ, ಇಸ್ಮಾಯಿಲಾಕ, ಶುಕ್ರವಾರ ಬೆಳಿಗ್ಗೆ ಮಕ್ಕಳಿಗೆ ಹಾಲ್ ಕೊಡ್ತೀರಾ? 'ನೋಡುವ' ಹೇಳ್ಬೇಡಿ."

ಹಿಂದಿನ ಸಾಲುಗಳಲ್ಲಿ ತಾಯಂದಿರು ಒಬ್ಬೊಬ್ಬರಾಗಿ ಎದ್ದು ನಿಂತರು. ಪಕ್ಕದಲ್ಲಿ ಕೂತ ಗಂಡಂದಿರು ಚಾವಣಿ ನೋಡಿದರು.

ಇಸ್ಮಾಯಿಲಾಕ ಗಟ್ಟಿಯಾಗಿ ನಕ್ಕರು. "ಮೇಷ್ಟ್ರನ್ನು ಊರಿಂದ ಕರೆಸಿದ್ದು ಇದಕ್ಕಾ ಮಾರಾಯ್ತಿ? ಯಲ್ಲಾ, ಆಯ್ತು, ಕೊಟ್ಟೆ. ಕೇರಂ ಸಂಜೆಗೆ."

"ನಾನೂ ಕೊಟ್ಟೆ," ಅಂದರು ಸುಧಾಕರಣ್ಣ ತಡಮಾಡದೆ. "ಚೆಂಡೆಯೂ ಸಂಜೆಗೆ."

"ಚೆಂಡೆ ಬಡಿದ್ರೆ ಕೇರಂ ಕಾಯಿ ತನ್ನಷ್ಟಕ್ಕೇ ಗುಳಿಗೆ ಬೀಳ್ತದೆ!" ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಸಭೆಯ ಅಧ್ಯಕ್ಷರು ನನ್ನ ಕೈ ಕುಲುಕಿ, "ಖಲಾಸ್ ಮೇಷ್ಟ್ರೇ, ಭಾರೀ ಲಾಯಕ್ ಆಯ್ತು," ಎಂದು ಮತಪೆಟ್ಟಿಗೆ ತರಿಸಿದರು. ನನ್ನ ಮುಂದೆ ಇನ್ನೂ ಹನ್ನೆರಡು ಪುಟಗಳಿದ್ದವು. ಗೆದ್ದವರು ಇಸ್ಮಾಯಿಲಾಕ. ಯಾರು ಗೆದ್ದಿದ್ದರೂ ವಸಂತಿ ಅದಕ್ಕೆ ಮೊದಲೇ ಗೆದ್ದಾಗಿತ್ತು.

ಮರುದಿನ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಾಲ್‌ಗೆ ಇಣುಕಿದೆ. ನೆಲದ ಮೇಲೆ ಮಕ್ಕಳು ನಾಲಗೆ ಕಚ್ಚಿಕೊಂಡು ಬರೆಯುತ್ತಿದ್ದರು. ಇಸ್ಮಾಯಿಲಾಕ ತಾವೇ ಕೇರಂ ಹಲಗೆಗಳನ್ನು ಗೋಡೆಗೆ ಒರಗಿಸುತ್ತಿದ್ದರು. ಅಳಿಯ ಓಡಿ ಬಂದು, "ಮಾವ, ಇದು ಅಜ್ಜಿಗೆ ಕೊಡಿ," ಎಂದು ಒಂದು ಹಾಳೆ ಚಾಚಿದ. ಇಡೀ ಹಾಳೆಗೆ ಒಂದೇ ಸೊಟ್ಟ 'ಅ'. ತಿರುಗಿಸಿ ನೋಡಿದರೆ ನನ್ನದೇ ಅಕ್ಷರ, ಹಿಂದಿನ ಸಂಜೆ ಓದದೆ ಮೇಜಿನ ಮೇಲೆ ಬಿಟ್ಟ ಒತ್ತಡ ಗುಂಪುಗಳ ಎರಡನೇ ಭಾಗ.

"ಒಂದು ಬದಿ ಖಾಲಿ ಇತ್ತಲ್ಲ ಅಣ್ಣ," ಅಂದಳು ಮಕ್ಕಳ ನಡುವೆ ಕೂತಿದ್ದ ವಸಂತಿ.

ವೀಸಾ ಸರಿಯಿತ್ತು, ವಿಮಾನ ಸಿಕ್ಕಿತು, ಅಂಗಿ ಬಿಳಿಯಾಗಿಯೇ ಉಳಿಯಿತು, ಯಾರೂ ನಿದ್ದೆ ಮಾಡಲಿಲ್ಲ. ತಪ್ಪಿದ್ದು ಒಂದೇ: ನನ್ನ ಉಪನ್ಯಾಸ ಮುಗಿಯಲಿಲ್ಲ.